ಹೋಟೆಲಿನ ರಾಯರು, ಒಳಗಿನ ಅಕ್ಕ

ಬ್ಯಾಂಕಿನ ಕೆಲಸಕ್ಕೆ ಸೇರಿದಾಗ ನಮ್ಮಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಗ್ರಾಹಕರ ಲೆಕ್ಕಾಚಾರವನ್ನು ಹೊರಗೆಲ್ಲೂ ಆಡುವುದಿಲ್ಲ ಎಂಬ ಪ್ರತಿಜ್ಞೆ ಅದು. ನಾನು ನಿವೃತ್ತನಾಗಿ ಹದಿನಾಲ್ಕು ವರ್ಷವಾಯಿತು. ಆದರೂ ಆ ಕಾಗದದ ಹೆದರಿಕೆ ಹೋಗಿಲ್ಲ. ಆದ್ದರಿಂದ ಈ ಬರಹದಲ್ಲಿ ಗಂಡಹೆಂಡಿರ ಹೆಸರಿಲ್ಲ, ಅವರ ಖಾತೆಯಲ್ಲಿ ಎಷ್ಟಿತ್ತು ಎಂಬುದೂ ಇಲ್ಲ. ಉಳಿದದ್ದನ್ನು ಅವರ ಹಿರಿಯ ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಿದಾಗ ಆಕೆ ನಕ್ಕು, "ಬರೆಯಿರಿ ಅಂಕಲ್. ಆದರೆ ಅಮ್ಮನ ಸಹಿ ಸರಿಯಿಲ್ಲ ಅಂತ ವಾಪಸು ಕಳಿಸಿದ್ದನ್ನು ಮಾತ್ರ ಬಿಡಬೇಡಿ" ಎಂದಳು. ಬಿಡುವುದಿಲ್ಲ.

1979ರ ಜೂನ್ ತಿಂಗಳಲ್ಲಿ ನಾನು ಕಾರ್ಕಳಕ್ಕೆ ಗುಮಾಸ್ತನಾಗಿ ವರ್ಗವಾಗಿ ಬಂದೆ. ನನ್ನ ಊರು ಘಟ್ಟದ ಮೇಲೆ, ತೀರ್ಥಹಳ್ಳಿಯ ಕಡೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ದಾಟಿ ಬಸ್ಸು ಕಾರ್ಕಳ ಮುಟ್ಟುವಾಗ ಟ್ರಂಕಿನೊಳಗಿನ ಬಟ್ಟೆಗಳೂ ಒದ್ದೆಯಾಗಿದ್ದವು. ಬಸ್ ನಿಲ್ದಾಣದ ಹತ್ತಿರವೇ ನಾಲ್ಕು ಮೇಜಿನ ಒಂದು ಹೋಟೆಲು. ಬೋರ್ಡು ಇತ್ತು, ಅಕ್ಷರ ಮಳೆಗೆ ತೊಳೆದುಹೋಗಿತ್ತು. ಗಲ್ಲಾದಲ್ಲಿ ಕುಳಿತಿದ್ದ ನಲವತ್ತರ ಆಸುಪಾಸಿನ ವ್ಯಕ್ತಿ ನನ್ನನ್ನು ನೋಡಿ, ನಾನು ಏನೂ ಕೇಳುವ ಮೊದಲೇ ಒಳಗಿನ ಕಿಟಕಿಯತ್ತ ತಿರುಗಿ "ಒಂದು ಕಷಾಯ, ಒಂದು ಬೈರಾಸು" ಎಂದರು. ಕಷಾಯದ ಲೋಟದ ಜೊತೆ ಕಿಟಕಿಯಿಂದ ಒಂದು ಒಣಗಿದ ಬೈರಾಸೂ ಬಂತು. ಘಟ್ಟದವರಿಗೆ ಹೇಳುತ್ತೇನೆ, ಬೈರಾಸು ಎಂದರೆ ತಿನ್ನುವ ಪದಾರ್ಥವಲ್ಲ, ಮೈ ಒರೆಸುವ ಪಂಚೆ!

ಊರಿನವರಿಗೆಲ್ಲ ಆ ವ್ಯಕ್ತಿ 'ಹೋಟೆಲಿನ ರಾಯರು'. ಆಕೆ 'ಒಳಗಿನ ಅಕ್ಕ'. ಎರಡು ವರ್ಷ ನಾನು ಬೆಳಗಿನ ತಿಂಡಿ, ಸಂಜೆಯ ಕಾಫಿ ಅಲ್ಲೇ ಮುಗಿಸಿದೆ. ಮದುವೆಯಾದ ಮೇಲೂ ಸಂಜೆಯ ಕಾಫಿ ನಿಲ್ಲಲಿಲ್ಲ.

ಅಕ್ಕ ಏಳುತ್ತಿದ್ದುದು ಬೆಳಗಿನ ಜಾವ ನಾಲ್ಕಕ್ಕೆ. ಸೌದೆ ಒಲೆ, ಅರೆಯುವ ಕಲ್ಲು. ಇಡ್ಲಿ, ಸಜ್ಜಿಗೆ, ಅವಲಕ್ಕಿ, ಮಧ್ಯಾಹ್ನದ ಮೇಲೆ ಗೋಳಿಬಜೆ. ಆದರೆ ಆ ಹೋಟೆಲಿಗೆ ಹೆಸರಿದ್ದದ್ದು ಬನ್ಸಿಗೆ. ಕಪ್ಪಾಗುವಷ್ಟು ಹಣ್ಣಾದ ಬಾಳೆಹಣ್ಣನ್ನು ಕಿವುಚಿ, ಸಕ್ಕರೆ, ಮೊಸರು, ಜೀರಿಗೆ, ಉಪ್ಪು, ಚಿಟಿಕೆ ಸೋಡಾ ಸೇರಿಸಿ, ಹಿಡಿಸುವಷ್ಟು ಮೈದಾ ಹಾಕಿ ಕಲಸಿ ರಾತ್ರಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಸ್ವಲ್ಪ ದಪ್ಪಗೆ ಲಟ್ಟಿಸಿ ಕಾದ ಎಣ್ಣೆಗೆ ಬಿಟ್ಟರೆ ಚೆಂಡಿನ ಹಾಗೆ ಉಬ್ಬುತ್ತಿತ್ತು. ಬೇರೆ ಯಾರಿಗೂ ಬೇಡವಾದ ಹಣ್ಣನ್ನು ರಾಯರು ಸಂತೆಯಿಂದ ಹುಡುಕಿ ತರುತ್ತಿದ್ದರು. "ನನ್ನ ಹೆಂಡತಿಯ ಕೈಗೆ ಕೊಳೆತದ್ದು ಕೊಟ್ಟರೂ ಬನ್ಸಾಗ್ತದೆ" ಎನ್ನುತ್ತಿದ್ದರು. ಒಳಗಿನಿಂದ ಉತ್ತರ ಬರುತ್ತಿತ್ತು: "ಹೌದು, ನಿಮ್ಮನ್ನು ಕೊಟ್ಟರು, ಏನೋ ಒಂದು ಮಾಡಿದೆ."

ಅವರಿಬ್ಬರ ನಡುವೆ ಗೋಡೆ, ಗೋಡೆಯಲ್ಲಿ ಒಂದು ಕಿಟಕಿ. ದಿನಕ್ಕೆ ಹನ್ನೆರಡು ಗಂಟೆ ಅವರ ಸಂಸಾರ ನಡೆದದ್ದು ಆ ಕಿಟಕಿಯಲ್ಲೇ. ಹನ್ನೊಂದು ಗಂಟೆಗೆ ಗಿರಾಕಿ ಕಡಿಮೆಯಾಗುವಾಗ ರಾಯರು ಗಲ್ಲಾಕ್ಕೆ ಬೀಗ ಹಾಕಿ ಒಳಗೆ ಹೋಗುತ್ತಿದ್ದರು. ಆಗ ಯಾರು ಬಂದರೂ ಕಾಯಬೇಕು, ತಹಸೀಲ್ದಾರರ ಕಚೇರಿಯವರಾದರೂ ಸರಿ. ಅದು ರಾಯರು ತಾವೇ ಕಾಫಿ ಮಾಡಿ ಹೆಂಡತಿಗೆ ಕೊಡುವ ಹೊತ್ತು. ಬೆಳಗಿನಿಂದ ಇನ್ನೂರು ಜನರಿಗೆ ಕಾಫಿ ಮಾಡಿದ ಹೆಂಗಸು ಕಾಲು ಗಂಟೆ ಮಣೆಯ ಮೇಲೆ ಕೂತು, ಗಂಡ ಮಾಡಿದ ಕಾಫಿ ಕುಡಿಯುತ್ತಿದ್ದರು. ಆ ಕಾಫಿ ಹೇಗಿರುತ್ತಿತ್ತೋ ನನಗೆ ತಿಳಿಯದು. ನಮಗೆ ಅದನ್ನು ಕೊಡುತ್ತಿರಲಿಲ್ಲ.

ಜಗಳವೂ ಇತ್ತು. ಶಾಲೆ ಕಾಲೇಜಿನ ಮಕ್ಕಳಿಗೆ ರಾಯರು ಸಾಲ ಬರೆಯುತ್ತಿದ್ದರು, ವಸೂಲಿ ಮಾಡುತ್ತಿರಲಿಲ್ಲ. ಅಕ್ಕನಿಗೆ ಅದು ಆಗದು. ಅಕ್ಕ ಹಿಂಬಾಗಿಲಿನಲ್ಲಿ ನಿಂತ ಹುಡುಗರಿಗೆ ಬನ್ಸು ಕೊಡುತ್ತಿದ್ದರು, ಲೆಕ್ಕ ಹೇಳುತ್ತಿರಲಿಲ್ಲ. ರಾಯರಿಗೆ ಅದು ಆಗದು. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ನನ್ನನ್ನು ಕರೆಯುತ್ತಿದ್ದರು. ಬಿಕಾಂ ಓದಿದವನು ನಾನು, ಎಷ್ಟು ಸಲ ಕೂಡಿದರೂ ಮೈದಾ ಹೆಚ್ಚು ಖರ್ಚಾಗಿದೆ, ದುಡ್ಡು ಕಡಿಮೆ ಬಂದಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಬೇರೆ ಬೇರೆ ಕಡೆ ಮುಖ ಮಾಡಿ ಕೂತಿರುತ್ತಿದ್ದರು.

ನಮ್ಮ ಬ್ಯಾಂಕಿಗೆ ಅವರ ಪರಿಚಯವಾದದ್ದು ಪಿಗ್ಮಿಯಿಂದ. ಮಕ್ಕಳೇ, ಪಿಗ್ಮಿ ಎಂದರೆ ದಿನವೂ ಪುಡಿಕಾಸು ಕಟ್ಟುವ ಉಳಿತಾಯ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಇದನ್ನು ಶುರುಮಾಡಿತು. ಆಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಏಜೆಂಟರು ಮನೆ, ಅಂಗಡಿಗಳಿಗೆ ತಾವೇ ಬಂದು ಹಣ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಆಮೇಲೆ ಬೇರೆ ಬ್ಯಾಂಕುಗಳೂ ಸೊಸೈಟಿಗಳೂ ಅದೇ ದಾರಿ ಹಿಡಿದವು. ರಾಯರು ದಿನಕ್ಕೆ ಎರಡು ರೂಪಾಯಿ ಕಟ್ಟುತ್ತಿದ್ದರು. 1981ರಲ್ಲಿ ಪಿಗ್ಮಿಯ ಅವಧಿ ಮುಗಿದು ಹಣ ಕೈಗೆ ಬಂದಾಗ ಅದನ್ನಿಡಲು ಉಳಿತಾಯ ಖಾತೆ ಬೇಕಾಯಿತು. ರಾಯರು ಫಾರಂ ತೆಗೆದುಕೊಳ್ಳಲು ಬಂದರು.

"ಇಬ್ಬರ ಹೆಸರಿನಲ್ಲೂ ಬೇಕು" ಎಂದರು.

ಅಕ್ಕ ಎರಡನೇ ಕ್ಲಾಸಿನವರೆಗೆ ಓದಿ ಬಿಟ್ಟವರು. ಅಕ್ಷರ ಮರೆತುಹೋಗಿತ್ತು. ಹೆಬ್ಬೆಟ್ಟು ಒತ್ತಿಸಿ ಫೋಟೊ ಅಂಟಿಸಿದರೆ ಆಯಿತು ಎಂದೆ. ಆದರೆ ಅಂಥ ಖಾತೆಗೆ ಚೆಕ್‌ಬುಕ್ ಇಲ್ಲ, ಹಣ ಬೇಕಾದರೆ ಪ್ರತಿಸಲ ಅವರೇ ಖುದ್ದಾಗಿ ಬರಬೇಕು ಎಂಬ ನಿಯಮವನ್ನೂ ಹೇಳಿದೆ. ರಾಯರು ಸ್ವಲ್ಪ ಹೊತ್ತು ಯೋಚಿಸಿ, "ಈ ಫಾರಂ ಎಷ್ಟು ದಿವಸ ಇಟ್ಟುಕೊಳ್ಳಬಹುದು?" ಎಂದು ಕೇಳಿದರು.

ಅವರ ಹಿರಿಯ ಮಗಳು ಆಗ ಒಂದನೇ ಕ್ಲಾಸು. ಮನೆಯಲ್ಲಿ ಇದ್ದದ್ದು ಒಂದೇ ಸ್ಲೇಟು. ಒಂದು ಬದಿಯಲ್ಲಿ ಮಗಳ ಕಾಗುಣಿತ, ಇನ್ನೊಂದು ಬದಿಯಲ್ಲಿ ಅಮ್ಮನ ಹೆಸರು. ರಾತ್ರಿ ಹೋಟೆಲು ತೊಳೆದಾದ ಮೇಲೆ ರಾಯರು ಇಬ್ಬರಿಗೂ ಮೇಷ್ಟ್ರು. ಅಕ್ಕನ ಹೆಸರಿನಲ್ಲಿ ಒಂದು ಒತ್ತಕ್ಷರವಿತ್ತು. ಅದು ಪ್ರತಿಸಲವೂ ಎಡಕ್ಕೆ ಜಾರಿ ಹಿಂದಿನ ಅಕ್ಷರದ ಕೆಳಗೆ ಹೋಗಿ ಕೂರುತ್ತಿತ್ತು. ಮಗಳು, "ಅಮ್ಮ ದಡ್ಡಿ" ಎಂದಳಂತೆ. ರಾಯರು ಮಕ್ಕಳಿಗೆ ಹೊಡೆದವರಲ್ಲ. ಅವತ್ತು ಮಾತ್ರ ಕಿವಿ ಹಿಂಡಿದರು ಎಂದು ಆಕೆ ಈಗಲೂ ಕಿವಿ ಮುಟ್ಟಿ ತೋರಿಸುತ್ತಾಳೆ.

ಒಂದು ತಿಂಗಳ ಮೇಲೆ ಒಂದು ಶನಿವಾರ ಹೋಟೆಲಿಗೆ ಅರ್ಧ ದಿನ ರಜೆ ಹಾಕಿ ಇಬ್ಬರೂ ಬ್ಯಾಂಕಿಗೆ ಬಂದರು. ಅಕ್ಕ ಒಳ್ಳೆಯ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದರು. ಮಾದರಿ ಸಹಿಯ ಕಾರ್ಡಿನಲ್ಲಿ ಮೂರು ಸಲ ಸಹಿ ಹಾಕಬೇಕು. ಹತ್ತು ನಿಮಿಷ ಹಿಡಿಯಿತು. ನನ್ನ ಹಿಂದೆ ಟೋಕನ್ ಹಿಡಿದವರು ಗೊಣಗುತ್ತಿದ್ದರು. ರಾಯರು ಹೆಂಡತಿಯ ಕೈಯನ್ನು ನೋಡುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಖಾತೆ ನಡೆಸುವ ಬಗೆ ಯಾವುದು ಎಂದು ಫಾರಂನಲ್ಲಿ ಗುರುತು ಹಾಕಬೇಕು. ಆಗ ಹೆಚ್ಚಿನ ಗಂಡಸರು 'ಮೊದಲನೆಯವರು ಅಥವಾ ಉಳಿದವರು' ಎಂದು ಬರೆಸುತ್ತಿದ್ದರು. ಅಂದರೆ ಗಂಡ ಇರುವವರೆಗೆ ಗಂಡನದ್ದೇ ಸಹಿ. ರಾಯರು 'ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಉಳಿದವರು' ಎಂಬುದನ್ನು ಆರಿಸಿದರು. ಆಮೇಲೆ, "ಉಳಿದವರು ಅಂದರೆ ಯಾರು?" ಎಂದು ಕೇಳಿದರು. ನನಗೆ ಆಗ ಮೂವತ್ತು. ಇಬ್ಬರಲ್ಲಿ ಒಬ್ಬರು ತೀರಿಹೋದರೆ ಇನ್ನೊಬ್ಬರು ಎಂದು ಪಟ್ಟಾಗಿ ಹೇಳಿಬಿಟ್ಟೆ.

ರಾಯರ ಮುಖ ಇಳಿಯಿತು. "ಅದನ್ನು ಬರೆಯದೆ ಆಗುವುದಿಲ್ಲವಾ?"

ಅಕ್ಕ ಹೇಳಿದರು: "ಬರೆಯಲಿ ಬಿಡಿ. ಬ್ಯಾಂಕಿನವರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿಲ್ಲವಾ?"

ಇನ್ನು ನನ್ನ ತಪ್ಪಿನ ವಿಷಯ. ಮುಂದಿನ ವರ್ಷ ಮೇ ಕೊನೆಗೆ ಅಕ್ಕ ಒಬ್ಬರೇ ಹಣ ತೆಗೆಯಲು ಬಂದರು. ಶಾಲೆ ಶುರುವಾಗುವ ಮೊದಲು ಮಕ್ಕಳಿಗೆ ಕೊಡೆ, ಪುಸ್ತಕ ಆಗಬೇಕಿತ್ತು. ಸ್ಲಿಪ್ಪಿನ ಸಹಿಯನ್ನು ಕಾರ್ಡಿನ ಸಹಿಗೆ ಹೋಲಿಸಿದೆ. ಒತ್ತಕ್ಷರ ಮತ್ತೆ ಜಾರಿತ್ತು. ಎದುರಿಗೆ ನಿಂತವರು ಯಾರೆಂದು ನನಗೆ ಗೊತ್ತಿಲ್ಲವೇ? ಬೆಳಿಗ್ಗೆ ಅವರ ಕೈಯ ಇಡ್ಲಿ ತಿಂದೇ ಬಂದಿದ್ದೆ. ಆದರೂ ಹೊಸ ಮ್ಯಾನೇಜರು ಹಿಂದೆ ಕೂತಿದ್ದರು, ನನಗೆ ಕಟ್ಟುನಿಟ್ಟು ತೋರಿಸಬೇಕಿತ್ತು. ಸಹಿಯ ಕೆಳಗೆ ಕೆಂಪು ಗೀಟು ಎಳೆದು 'ಸಹಿ ಹೊಂದುವುದಿಲ್ಲ' ಎಂದು ಬರೆದು ಸ್ಲಿಪ್ಪು ವಾಪಸು ಕೊಟ್ಟೆ. ಅಕ್ಕ ಅದನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಮಾತಿಲ್ಲದೆ ಹೋದರು.

ಸಂಜೆ ಹೋಟೆಲಿಗೆ ಹೋಗಲು ಕಾಲು ಬರಲಿಲ್ಲ. ಮರುದಿನ ರಾಯರೇ ಬ್ಯಾಂಕಿಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. "ರದ್ದಾದ ಸ್ಲಿಪ್ಪುಗಳಿದ್ದರೆ ಒಂದಷ್ಟು ಕೊಡಿ. ಸ್ಲೇಟಿನಲ್ಲಿ ಸರಿಯಾಗ್ತದೆ, ಗೆರೆಯ ಮೇಲೆ ಜಾರ್ತದೆ" ಎಂದರು. ಹೋಗುವಾಗ ತಿರುಗಿ, "ನಿನ್ನೆ ತಿಂಡಿಗೆ ಬರಲಿಲ್ಲ ನೀವು. ಅವಳು ಕೇಳಿದಳು" ಎಂದರು. ಅಷ್ಟೇ.

ಅವರ ಮನೆಯ ಹಬ್ಬವೆಂದರೆ ಜನವರಿಯ ಅತ್ತೂರು ಜಾತ್ರೆ. ಕಾರ್ಕಳದ ಹತ್ತಿರದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೆ ಜಾತಿ ಮತ ನೋಡದೆ ಜಿಲ್ಲೆಯ ಜನವೆಲ್ಲ ಮೊಂಬತ್ತಿ ಹಚ್ಚಲು ಬರುತ್ತಾರೆ. ಆ ದಿನಗಳಲ್ಲಿ ಹೋಟೆಲಿನ ಒಲೆ ಆರುತ್ತಿರಲಿಲ್ಲ. ಮೂರೂ ಮಕ್ಕಳು ಲೋಟ ತೊಳೆಯುತ್ತಿದ್ದರು. ಕೊನೆಯ ದಿನ ರಾತ್ರಿ ರಾಯರು ಎಲ್ಲರನ್ನೂ ಕರೆದುಕೊಂಡು ಜಾತ್ರೆಗೆ ಹೋಗಿ ಐದು ಮೊಂಬತ್ತಿ ಹಚ್ಚಿಸುತ್ತಿದ್ದರು. ವರ್ಷಕ್ಕೊಮ್ಮೆ ಯಕ್ಷಗಾನ ಬಯಲಾಟಕ್ಕೂ ಚಾಪೆ ಹಿಡಿದು ಹೋಗುವುದಿತ್ತು. ಭಾಗವತರು ಪದ ಎತ್ತುವ ಹೊತ್ತಿಗೆ ಅಕ್ಕ ನಿದ್ದೆ. ಬೆಳಿಗ್ಗೆ ನಾಲ್ಕಕ್ಕೆ, ಆಟ ರಂಗೇರುವಾಗ, ಅಭ್ಯಾಸಬಲದಿಂದ ಎಚ್ಚರ. ಮನೆಗೆ ಬರುವ ದಾರಿಯುದ್ದಕ್ಕೂ ರಾಯರು ಹಿಂದಿನ ಕಥೆಯನ್ನು ಹೇಳುತ್ತಾ ಬರುತ್ತಿದ್ದರು.

1986ರಲ್ಲಿ ನನಗೆ ವರ್ಗವಾಯಿತು. 1994ರಲ್ಲಿ ಮತ್ತೆ ಕಾರ್ಕಳಕ್ಕೇ ಬಂದೆ. ಸ್ಲೇಟಿನ ಹುಡುಗಿ ಆಗ ಭುವನೇಂದ್ರ ಕಾಲೇಜಿನಲ್ಲಿ ಬಿಕಾಂ ಎರಡನೇ ವರ್ಷ. ಭಾನುವಾರ ಹೋಟೆಲಿನ ಮೂಲೆಯ ಮೇಜಿನಲ್ಲಿ ಅವಳಿಗೆ ಜಮಾಖರ್ಚು ಹೇಳಿಕೊಡುತ್ತಿದ್ದೆ. ನಗದು ಖಾತೆಯಲ್ಲಿ ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್ ಎಂದಾಗ ಕಿಟಕಿಯಿಂದ ಅಕ್ಕನ ದನಿ: "ಎಂತ ಉಲ್ಟಾ ಕಲಿಸ್ತೀರಿ ಮಾರಾಯ್ರೆ? ಹಣ ಇಟ್ಟರೆ ನನ್ನ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಅಂತ ಬರೆಯುವುದು ನೀವೇ ಅಲ್ಲವಾ?" ಪಾಸ್‌ಬುಕ್ಕಿನಲ್ಲಿ ಇರುವುದು ಬ್ಯಾಂಕಿನ ಕಡೆಯ ಲೆಕ್ಕ, ಬ್ಯಾಂಕು ನಿಮಗೆ ಕೊಡಬೇಕಾದ ಸಾಲ ಅದು ಎಂದು ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಅಕ್ಕ ಪಾಸ್‌ಬುಕ್ ಓದುತ್ತಾರೆ ಎಂಬುದು ಅವತ್ತು ತಿಳಿಯಿತು.

1995ರ ಅತ್ತೂರು ಜಾತ್ರೆ ಮುಗಿದ ಮೇಲೆ ರಾಯರು ಒಂದು ಮೊತ್ತವನ್ನು ನಿರಖು ಠೇವಣಿ ಇಡಲು ಬಂದರು. ಇಬ್ಬರ ಹೆಸರಿನಲ್ಲಿ ಎಂದೇ ಹೇಳಿದರು. ಅಕ್ಕನ ಸಹಿ ಬೇಕು, ಅಕ್ಕ ಒಲೆ ಬಿಟ್ಟು ಬರುವಂತಿಲ್ಲ. "ಈಗ ನಿಮ್ಮೊಬ್ಬರ ಹೆಸರಿನಲ್ಲಿ ಮಾಡೋಣ, ಆಮೇಲೆ ಅಕ್ಕನ ಹೆಸರು ಸೇರಿಸಿದರಾಯ್ತು" ಎಂದವನು ನಾನು. 1985ರಿಂದ ನಾಮನಿರ್ದೇಶನದ ನಿಯಮ ಬಂದಿತ್ತು. ಆ ಫಾರಂ ಕೂಡ ತುಂಬಿಸಲಿಲ್ಲ. 'ಆಮೇಲೆ' ಬರಲಿಲ್ಲ.

1996ರ ಜುಲೈಯಲ್ಲಿ ರಾಯರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಾಯಿತು. ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಜಂಟಿ ಖಾತೆಯ ಹಣವನ್ನು ಅಕ್ಕ ತಮ್ಮ ಸಹಿಯಿಂದಲೇ ತೆಗೆದರು, ಒತ್ತಕ್ಷರ ನೆಟ್ಟಗಿತ್ತು. ಮೂರು ವಾರದಲ್ಲಿ ಅದು ಮುಗಿಯಿತು. ಉಳಿದದ್ದು ಠೇವಣಿ, ಅದಕ್ಕೆ ರಾಯರೊಬ್ಬರ ಸಹಿಯೇ ಬೇಕು.

ಇಂಥ ಸಂದರ್ಭಕ್ಕೆ ನಿಯಮವಿದೆ, ಓದುಗರಿಗೂ ಉಪಯೋಗವಾದೀತು. ಕಾಯಿಲೆಯಿಂದ ಸಹಿ ಹಾಕಲು ಆಗದವರ ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳಬಹುದು. ಅದೂ ಆಗದಿದ್ದರೆ ಕಾಲಿನ ಬೆರಳಿನದ್ದೂ ನಡೆಯುತ್ತದೆ. ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುಳ್ಳ ಅಧಿಕಾರಿಯಾಗಿರಬೇಕು. ನಮ್ಮ ಅಧಿಕಾರಿಯನ್ನು ಕರೆದುಕೊಂಡು, ಶಾಯಿಯ ಪ್ಯಾಡು ಹಿಡಿದು ನಾನು ಮಣಿಪಾಲಕ್ಕೆ ಹೋದೆ.

ಪ್ಯಾಡು ನೋಡಿದ್ದೇ ರಾಯರು ಮುಖ ತಿರುಗಿಸಿದರು. ಎಡಗೈಯಿಂದ ನನ್ನ ಜೇಬಿನ ಪೆನ್ನು ತೋರಿಸಿದರು. ಕೊಟ್ಟೆ. ಹಾಸಿಗೆಯ ಮೇಲೆ ಪುಸ್ತಕವಿಟ್ಟು ಅದರ ಮೇಲೆ ಕಾಗದವಿಟ್ಟು ಎಡಗೈಯಲ್ಲಿ ಬರೆಯಲು ನೋಡಿದರು. ಮೊದಲ ಅಕ್ಷರವೇ ಆಗಲಿಲ್ಲ. ಇನ್ನೊಂದು ಕಾಗದ, ಮತ್ತೊಂದು. ಪೆನ್ನು ಜಾರಿ ಕೆಳಗೆ ಬಿತ್ತು. ಕಣ್ಣಿನಿಂದ ನೀರು ಬಂತು. ಹೆಂಡತಿಯ ಮುಂದೆ ಹೆಬ್ಬೆಟ್ಟು ಒತ್ತಲು ಅವರಿಗೆ ಮನಸ್ಸಿಲ್ಲ ಎಂದು ನನಗೆ ಅರ್ಥವಾಯಿತು. ನಮ್ಮ ಅಧಿಕಾರಿ ಗಡಿಯಾರ ನೋಡಿಕೊಂಡರು. ನಾನು ನೆಲ ನೋಡುತ್ತಿದ್ದೆ. ಎಲ್ಲ ನನ್ನ ಒಂದು 'ಆಮೇಲೆ'ಯಿಂದ.

ಅಕ್ಕ ಗಂಡನ ಎಡಗೈ ಹಿಡಿದುಕೊಂಡರು. "ಹೋಯ್, ಇಲ್ಲಿ ಕೇಳಿ. ನನ್ನ ಸಹಿಗೆ ನೀವು ಒಂದು ತಿಂಗಳು ಕಾದಿರಿ. ನಿಮ್ಮದಕ್ಕೆ ನಾನು ಎಷ್ಟು ಬೇಕಾದರೂ ಕಾಯ್ತೇನೆ. ಆದರೆ ಆಸ್ಪತ್ರೆಯವರು ಕಾಯುವುದಿಲ್ಲ. ಈಗ ಇದನ್ನು ಒತ್ತಿ." ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿ, ತಮ್ಮ ಸೆರಗಿನಿಂದ ಆ ಶಾಯಿ ಒರೆಸಿದರು.

ನಾನು ಅಂದು ರಾತ್ರಿ ಮನೆಗೆ ಬಂದು ನನ್ನ ಪಾಸ್‌ಬುಕ್ಕು, ಠೇವಣಿ ರಸೀದಿಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಎಲ್ಲವೂ ನನ್ನೊಬ್ಬನ ಹೆಸರಿನಲ್ಲೇ ಇದ್ದವು. ನನ್ನ ಹೆಂಡತಿ ಹೈಸ್ಕೂಲು ಪಾಸಾದವಳು, ಚೆಂದದ ಅಕ್ಷರ. ಮದುವೆಯಾಗಿ ಹದಿನೈದು ವರ್ಷದಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನ ಒಳಗೆ ಒಮ್ಮೆಯೂ ಬಂದವಳಲ್ಲ. ಸೋಮವಾರ ಕರೆದುಕೊಂಡು ಹೋದೆ. "ಇಷ್ಟು ವರ್ಷದ ಮೇಲೆ ಈಗ ಯಾಕೆ?" ಎಂದಳು. ಅದಕ್ಕೆ ನಾನು ಏನು ಹೇಳಲಿ?

ಹೋಟೆಲು ಎರಡು ತಿಂಗಳು ಮುಚ್ಚಿತ್ತು. ಆಮೇಲೆ ಅಕ್ಕ ಒಲೆಗೊಬ್ಬ ಹೆಂಗಸನ್ನು ಇಟ್ಟುಕೊಂಡು ತಾವು ಗಲ್ಲಾಕ್ಕೆ ಬಂದರು. ಪಕ್ಕದ ಬೆಂಚಿನಲ್ಲಿ ರಾಯರು. ಅವರ ತೊಡೆಯ ಮೇಲೆ ಸ್ಲೇಟು, ಎಡಗೈಯಲ್ಲಿ ಬಳಪ. ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಲೇ ಅಕ್ಕ ಓರೆಗಣ್ಣಿನಲ್ಲಿ ನೋಡಿ, "ಜಾರ್ತಾ ಉಂಟು, ಅಳಿಸಿ" ಎನ್ನುತ್ತಿದ್ದರು. ರಾಯರಿಗೆ ನಗು ಬರುತ್ತಿತ್ತು, ಅರ್ಧ ಬಾಯಿಯ ನಗು. ಚಳಿಗಾಲದ ಹೊತ್ತಿಗೆ ಹನ್ನೊಂದು ಗಂಟೆಗೆ ಕೋಲು ಊರಿ ಒಳಗೆ ಹೋಗಲು ಶುರುಮಾಡಿದರು. ಎಡಗೈಯಲ್ಲಿ ಮಾಡಿದ ಕಾಫಿ, ಅರ್ಧ ಲೋಟ ದಾರಿಯಲ್ಲೇ ಚೆಲ್ಲುತ್ತಿತ್ತು. ಗಲ್ಲಾಕ್ಕೆ ಬೀಗ ಬೀಳುತ್ತಿತ್ತು, ನಾವು ಕಾಯುತ್ತಿದ್ದೆವು.

1997ರ ಮಾರ್ಚ್‌ನಲ್ಲಿ ಇಬ್ಬರೂ ಬ್ಯಾಂಕಿಗೆ ಬಂದರು. ಹೊಸ ಮಾದರಿ ಸಹಿ ಕೊಡಬೇಕು, ಹೊಸ ಠೇವಣಿ ಇಬ್ಬರ ಹೆಸರಿನಲ್ಲಿ ಆಗಬೇಕು. ಮೂರು ಸಹಿಗೆ ಕಾಲು ಗಂಟೆ ಹಿಡಿಯಿತು. ಈ ಸಲ ಕ್ಯಾಲೆಂಡರ್ ನೋಡುವ ಸರದಿ ಅಕ್ಕನದು. ನಾಮನಿರ್ದೇಶನದ ಫಾರಂ ನಾನೇ ಮೊದಲು ತೆಗೆದಿಟ್ಟಿದ್ದೆ.

ರಾಯರು 2003ರವರೆಗೆ ಇದ್ದರು. ಅವರು ಹೋದ ಮೇಲೆ ಖಾತೆಯಿಂದ ಹೆಸರು ತೆಗೆಸಲು ಅಕ್ಕ ಬಂದಾಗ ನಾನು ಬೇರೆ ಶಾಖೆಯಲ್ಲಿದ್ದೆ. ಅವರ ಜೊತೆಗೆಂದು ರಜೆ ಹಾಕಿ ಹೋಗಿದ್ದೆ. ಉಳಿದವರು ಎಂದರೆ ಯಾರು ಎಂದು ಈ ಸಲ ಯಾರೂ ಕೇಳಲಿಲ್ಲ. ಮರಣಪತ್ರ, ಒಂದು ಅರ್ಜಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಎರಡೂ ಹೆಸರಿದ್ದ ಹಳೆಯ ಪಾಸ್‌ಬುಕ್ಕನ್ನು ರದ್ದು ಮಾಡಿ ಅವರಿಗೇ ಕೊಡಿಸಿದೆ. ಅಕ್ಕ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡರು, ಹಿಂದೆ ಆ ಸ್ಲಿಪ್ಪನ್ನು ಕಟ್ಟಿಕೊಂಡ ಹಾಗೆಯೇ.

ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮಗ ಮುಂಬಯಿಯಲ್ಲಿ, ಕಿರಿಯ ಮಗಳು ಬೆಂಗಳೂರಿನಲ್ಲಿ. ಅಕ್ಕ ಕೊನೆಯವರೆಗೆ ಮಂಗಳೂರಿನಲ್ಲಿ ಹಿರಿಯ ಮಗಳ ಮನೆಯಲ್ಲಿದ್ದರು. 2017ರಲ್ಲಿ ನಾನು, ನನ್ನ ಹೆಂಡತಿ ನೋಡಲು ಹೋದಾಗ ಮಗಳು ಬನ್ಸು ಮಾಡಿದ್ದಳು. ಅಕ್ಕ ಒಂದು ಮುರಿದು ನೋಡಿ, "ಹಣ್ಣು ಸಾಲದು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಬ್ಯಾಂಕಿನವರೇ, ಈಗ ಸಹಿ ಬೇಡವಂತೆ, ಆಧಾರಿಗೆ ಬೆರಳು ಒತ್ತಿದರೆ ಹಣ ಬರ್ತದಂತೆ. ಓದಿದವರಿಗೂ ಹಾಗೆಯಾ?"

"ಹೌದು ಅಕ್ಕ, ಎಲ್ಲರಿಗೂ."

ಅಕ್ಕ ಬನ್ಸು ತಟ್ಟೆಯಲ್ಲಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಗಾದರೆ ನಾವಿಬ್ಬರು ಅಷ್ಟು ಕಷ್ಟಪಟ್ಟದ್ದು ಎಂತಕ್ಕೆ ಮಾರಾಯ್ರೆ?"